ಬರದ ವರ್ಷದ ಲೆಕ್ಕವನ್ನು ಈಗಲೇ ಬರೆಯಿರಿ: ಕಾವೇರಿ ಪ್ರಾಧಿಕಾರಕ್ಕೆ ಒಂದು ಬಹಿರಂಗ ಪತ್ರ

ಅಧ್ಯಕ್ಷರು,
ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ, ನವದೆಹಲಿ

ಪ್ರತಿ: ಕರ್ನಾಟಕ ಮತ್ತು ತಮಿಳುನಾಡಿನ ಮುಖ್ಯಮಂತ್ರಿಗಳಿಗೆ

ಮಾನ್ಯರೇ,

ನಾನು ಮಂಡ್ಯ ಜಿಲ್ಲೆಯ ರೈತ. ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದಲ್ಲಿ ನಮ್ಮ ಗದ್ದೆ ಇದೆ. ಮಳೆ ಚೆನ್ನಾಗಿ ಆದ ವರ್ಷ ನಿಮ್ಮ ಪ್ರಾಧಿಕಾರದ ಹೆಸರು ನಮ್ಮೂರಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಮಳೆ ಕೈಕೊಟ್ಟ ವರ್ಷ ಟೀ ಅಂಗಡಿಯಲ್ಲೂ ಅದೇ ಮಾತು, ಡೇರಿ ಮುಂದೆಯೂ ಅದೇ ಮಾತು. ತಂಜಾವೂರು, ತಿರುವಾರೂರು ಕಡೆಯ ಹಳ್ಳಿಗಳಲ್ಲೂ ಹೀಗೇ ಇರುತ್ತದೆ ಅಂತ ನಾನು ಬಲ್ಲೆ.

ಕೇಳುವುದು ಒಂದೇ. ಮಳೆ ಕಡಿಮೆಯಾದ ವರ್ಷ ನೀರನ್ನು ಹೇಗೆ ಹಂಚಬೇಕು, ಯಾವ ಬೆಳೆ ಇಡಬೇಕು, ಗದ್ದೆ ಬೀಳು ಬಿಟ್ಟವರಿಗೆ ಏನು ಕೊಡಬೇಕು ಅನ್ನುವುದನ್ನು ಎರಡೂ ಕಡೆಯ ರೈತರನ್ನು ಕೂರಿಸಿಕೊಂಡು ಮುಂಚೆಯೇ ಬರೆದಿಡಿ. ಕಟ್ಟೆ ಖಾಲಿಯಾದ ಮೇಲೆ ಬರೆಯಲು ಕೂತರೆ ಅಲ್ಲಿ ಲೆಕ್ಕ ನಡೆಯುವುದಿಲ್ಲ, ಜಗಳ ನಡೆಯುತ್ತದೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮ ಗದ್ದೆಗಳು ಇವತ್ತು ಇರುವ ಹಾಗೆ ಇರುವುದಕ್ಕೆ ಮಣ್ಣು, ಮಳೆ ಎಷ್ಟು ಕಾರಣವೋ ಎರಡು ಹಳೆ ಒಪ್ಪಂದಗಳೂ ಅಷ್ಟೇ ಕಾರಣ. ಮೊದಲನೆಯದು 1892ರ ಫೆಬ್ರವರಿ 18ರದು. ಎರಡನೆಯದು 1924ರ ಫೆಬ್ರವರಿ 18ರದು. ಎರಡೂ ಆದದ್ದು ಮೈಸೂರು ಸಂಸ್ಥಾನ ಮತ್ತು ಮದ್ರಾಸ್ ಸರ್ಕಾರದ ನಡುವೆ.

1892ರ ಒಪ್ಪಂದದ ಸಾರ ಸರಳ. ಮೈಸೂರಿನವರು ಹಳೆ ಕೆರೆಗಳನ್ನು ರಿಪೇರಿ ಮಾಡಿಕೊಳ್ಳಬಹುದು. ಆದರೆ ಪಟ್ಟಿಯಲ್ಲಿ ಹೆಸರಿಸಿದ 15 ಮುಖ್ಯ ನದಿಗಳಿಗೆ ಹೊಸದಾಗಿ ಅಡ್ಡಗಟ್ಟೆ ಕಟ್ಟಬೇಕು ಅಂದರೆ ಮದ್ರಾಸ್ ಸರ್ಕಾರದ ಒಪ್ಪಿಗೆ ಬೇಕು. ಮದ್ರಾಸ್ ಬೇಡ ಅನ್ನಬಹುದಾಗಿದ್ದದ್ದು ಒಂದೇ ಕಾರಣಕ್ಕೆ, ಕೆಳಗಿನವರು ಮೊದಲಿನಿಂದ ಬಳಸಿಕೊಂಡು ಬಂದ ನೀರಿಗೆ ಧಕ್ಕೆ ಬರುತ್ತದೆ ಅಂದರೆ. ತಂಜಾವೂರು ಕಡೆಯ ಡೆಲ್ಟಾದಲ್ಲಿ ಕರಿಕಾಲ ಚೋಳನ ಕಾಲದ್ದು ಅಂತ ಹೇಳುವ ಕಲ್ಲಣೆ ಅನ್ನುವ ಅಡ್ಡಗಟ್ಟೆಯಿಂದ ನೀರಾವರಿ ನಡೆದುಕೊಂಡು ಬಂದಿತ್ತು. 1836ರಲ್ಲಿ ಆರ್ಥರ್ ಕಾಟನ್ ಅದಕ್ಕಿಂತ ಮೇಲೆ ಮೇಲಣೆ ಅನ್ನುವ ಅಡ್ಡಗಟ್ಟೆಯನ್ನೂ ಕಟ್ಟಿದ್ದರು. ಅವರ ಗದ್ದೆಗಳು ಮೊದಲೇ ಇದ್ದವು, ನಮ್ಮವು ಇನ್ನೂ ಆಗಬೇಕಿತ್ತು. ಮೊದಲು ಬಳಸಿದವರ ಹಕ್ಕು ಉಳಿಯಬೇಕು ಅನ್ನುವುದರಲ್ಲಿ ನ್ಯಾಯ ಇದೆ. ಅದೇ ಹೊತ್ತಿಗೆ, ಮೇಲಿನ ಒಣಭೂಮಿಯವರು ಒಣಗಿಕೊಂಡೇ ಇರಬೇಕು ಅನ್ನುವ ಅರ್ಥವೂ ಅದರಿಂದ ಬರುತ್ತಿತ್ತು. ನಮ್ಮ ಹಿರಿಯರನ್ನು ಕುಟುಕುತ್ತಿದ್ದದ್ದು ಇದೇ ಎರಡನೆಯ ಅರ್ಥ.

ಮುಂದೆ ಮೈಸೂರು ಕನ್ನಂಬಾಡಿಯಲ್ಲಿ ಕಟ್ಟೆ ಕಟ್ಟಲು ಹೊರಟಿತು, ಮದ್ರಾಸ್ ಮೆಟ್ಟೂರಿನಲ್ಲಿ. ಜಗಳ ಪಂಚಾಯ್ತಿಗೆ ಹೋಯಿತು. 1914ರಲ್ಲಿ ಪಂಚಾಯ್ತಿದಾರ ಗ್ರಿಫಿನ್ ಕೊಟ್ಟ ತೀರ್ಪನ್ನು ಮದ್ರಾಸ್ ಒಪ್ಪಲಿಲ್ಲ, ಮೇಲ್ಮನವಿ ಲಂಡನ್ನಿನವರೆಗೂ ಹೋಯಿತು. ಅದೆಲ್ಲ ಮುಗಿದು ಹೊರಬಂದದ್ದು 1924ರ ಒಪ್ಪಂದ.

ಈ ಒಪ್ಪಂದ ನೀರಿನ ಜೊತೆಗೆ ಎಕರೆಗಳನ್ನೂ ಎಣಿಸಿತು. ಕೃಷ್ಣರಾಜಸಾಗರದ ಕೆಳಗೆ ಮೈಸೂರು 1.25 ಲಕ್ಷ ಎಕರೆಗೆ ಹೊಸದಾಗಿ ನೀರು ಕೊಡಬಹುದು. ಮೆಟ್ಟೂರಿನ ಕೆಳಗೆ ಮದ್ರಾಸ್ 3.01 ಲಕ್ಷ ಎಕರೆಗೆ ಕೊಡಬಹುದು. ಉಪನದಿಗಳಲ್ಲಿ ಹೊಸ ಜಲಾಶಯ ಕಟ್ಟಿಕೊಂಡು ಮೈಸೂರು ಇನ್ನೂ 1.10 ಲಕ್ಷ ಎಕರೆ ಸೇರಿಸಿಕೊಳ್ಳಬಹುದು, ಅವುಗಳ ಒಟ್ಟು ಸಾಮರ್ಥ್ಯ 45 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ದಾಟಬಾರದು. ಕನ್ನಂಬಾಡಿಯಲ್ಲಿ ಯಾವಾಗ ಎಷ್ಟು ನೀರು ಹಿಡಿದಿಡಬಹುದು ಅನ್ನುವುದು ತಮಿಳುನಾಡಿನ ಮೇಲಣೆಯ ಹತ್ತಿರ ನೀರು ಎಷ್ಟು ಅಡಿ ನಿಂತಿದೆ ಅನ್ನುವುದರ ಮೇಲೆ ನಿಂತಿತ್ತು. ಅಂದರೆ ನಮ್ಮ ಕಟ್ಟೆಯ ಬಾಗಿಲಿಗೆ ಅಳತೆಗೋಲು ಇದ್ದದ್ದು ದೂರದ ತಿರುಚ್ಚಿಯ ಹತ್ತಿರ.

ಆ ಕಾಗದ ನೆಲದ ಮೇಲೆ ಮಾಡಿದ ಕೆಲಸ ಸಣ್ಣದಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆ ಅದಕ್ಕೆ ಮುಂಚೆ ರಾಗಿ, ಹುರುಳಿಯ ಸೀಮೆ. ಹುಲಿಕೆರೆ ಸುರಂಗ ದಾಟಿ ನಾಲೆಯ ನೀರು ಬಂದ ಮೇಲೆ ಭತ್ತ ಬಂತು, ಕಬ್ಬು ಬಂತು. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಶುರುವಾಯಿತು. 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯೇ ಆಯಿತು. ಮಕ್ಕಳು ಓದಿದ್ದು, ಮನೆಗೆ ಹೆಂಚು ಬಂದದ್ದು, ಊರಿಗೊಂದು ಆಲೆಮನೆ ಎದ್ದದ್ದು ಎಲ್ಲ ಆ ನೀರಿನಿಂದ. ಕೆಳಗೆ 1934ರಲ್ಲಿ ಮೆಟ್ಟೂರು ಕಟ್ಟೆ ಮುಗಿದ ಮೇಲೆ ಡೆಲ್ಟಾದವರ ಬದುಕೂ ಬದಲಾಯಿತು. ಹೊಳೆಯಲ್ಲಿ ನೀರು ಬಂದಾಗ ಬೆಳೆಯುತ್ತಿದ್ದವರಿಗೆ ತಾರೀಕು ನೋಡಿ ಬೆಳೆಯುವ ಧೈರ್ಯ ಬಂತು. ಜೂನ್ 12ಕ್ಕೆ ಮೆಟ್ಟೂರಿನ ಬಾಗಿಲು ತೆರೆದರೆ ಕುರುವೈ ಅನ್ನುವ ಮೊದಲ ಭತ್ತದ ಬೆಳೆ, ಅದಾದ ಮೇಲೆ ಸಾಂಬಾ ಅಥವಾ ತಾಳಡಿ ಅನ್ನುವ ಭತ್ತ.

ಇಲ್ಲಿ ಒಂದು ವಿಷಯವನ್ನು ನಮ್ಮ ಕಡೆಯವರಿಗೂ ನೆನಪಿಸಬೇಕು. ಇದ್ದ ನೀರನ್ನು ಜಾಸ್ತಿ ಊರುಗಳಿಗೆ ಮುಟ್ಟಿಸಬೇಕು ಅಂತ ಈ ನಾಲೆಯಲ್ಲಿ ಶುರುವಿನಲ್ಲೇ ಬ್ಲಾಕ್ ಪದ್ಧತಿ ತಂದಿದ್ದರು. ಜಮೀನನ್ನು ಭಾಗ ಮಾಡಿ ಒಂದರಲ್ಲಿ ಕಬ್ಬು, ಒಂದರಲ್ಲಿ ಭತ್ತ, ಇನ್ನೊಂದರಲ್ಲಿ ರಾಗಿಯಂಥ ಕಡಿಮೆ ನೀರಿನ ಬೆಳೆ, ವರ್ಷ ವರ್ಷ ಅದಲುಬದಲು. ನೀರು ಎಷ್ಟಿದೆಯೋ ಅಷ್ಟಕ್ಕೆ ಬೆಳೆ ಅನ್ನುವ ಲೆಕ್ಕ ಅದು. ಬರಬರುತ್ತಾ ಅದು ಸಡಿಲವಾಯಿತು. ಇವತ್ತು ನಾಲೆಯ ತಲೆಭಾಗದಲ್ಲಿ ಭತ್ತದ ಮೇಲೆ ಭತ್ತ, ಕಬ್ಬಿನ ಮೇಲೆ ಕೂಳೆ ಕಬ್ಬು. ನಮ್ಮ ಕೊನೆಭಾಗಕ್ಕೆ ಕಟ್ಟು ನೀರು ಬರುವ ಹೊತ್ತಿಗೆ ಒಟ್ಲಿನ ಸಸಿ ಬಲಿತು ಹೋಗಿರುತ್ತದೆ. ತಮಿಳುನಾಡಿಗೆ ನೀರು ಬಿಟ್ಟರು ಅನ್ನುವ ಸಿಟ್ಟು ನಮಗೂ ಇದೆ. ಆದರೆ ನಮ್ಮ ತೂಬಿಗೆ ನೀರು ಬಾರದೆ ಇರುವುದಕ್ಕೆ ಅದೊಂದೇ ಕಾರಣ ಅಂತ ಕೊನೆಭಾಗದ ಯಾವ ರೈತನೂ ಎದೆ ಮುಟ್ಟಿ ಹೇಳಲಾರ.

ಆ ಒಪ್ಪಂದದ ಮೇಜಿನ ಸುತ್ತ ಯಾರು ಇರಲಿಲ್ಲ ಅನ್ನುವುದನ್ನೂ ನೋಡಬೇಕು. ಕಾವೇರಿ ಹುಟ್ಟುವುದು ಕೊಡಗಿನ ತಲಕಾವೇರಿಯಲ್ಲಿ. ಕೊಡಗು ಆ ಒಪ್ಪಂದದಲ್ಲಿ ಪಕ್ಷವೇ ಆಗಿರಲಿಲ್ಲ. ಕಬಿನಿ ಹುಟ್ಟುವ ವಯನಾಡಿನವರಿಗೆ ಬೇರೆ ದನಿ ಇರಲಿಲ್ಲ, ಆಗ ಅದು ಮದ್ರಾಸಿನ ಮಲಬಾರ್ ಜಿಲ್ಲೆ. ನದಿಯ ಬಾಲದಲ್ಲಿರುವ ಕಾರೈಕಲ್ ಫ್ರೆಂಚರ ಕೈಯಲ್ಲಿತ್ತು. ಇನ್ನು ನೇಗಿಲು ಹಿಡಿದವರನ್ನು ಯಾರೂ ಕೇಳಲಿಲ್ಲ, ಮೇಲಿನವರನ್ನೂ ಇಲ್ಲ, ಕೆಳಗಿನವರನ್ನೂ ಇಲ್ಲ. 1956ರಲ್ಲಿ ರಾಜ್ಯಗಳ ಗಡಿ ಬದಲಾದಾಗ ಮದ್ರಾಸಿನ ಕೊಳ್ಳೇಗಾಲ ಮೈಸೂರಿಗೆ ಬಂತು, ಕೊಡಗೂ ಬಂತು. ಮಲಬಾರ್ ಕೇರಳಕ್ಕೆ ಹೋಯಿತು. ಗಡಿಗಳು ಇಷ್ಟು ಅಲ್ಲಾಡಿದರೂ ಕಾಗದ ಹಾಗೇ ನಿಂತಿತು.

ಕೆಲವು ಷರತ್ತುಗಳನ್ನು 50 ವರ್ಷದ ನಂತರ ಮತ್ತೆ ಪರಿಶೀಲಿಸಬಹುದು ಅಂತ 1924ರ ಒಪ್ಪಂದದಲ್ಲೇ ಬರೆದಿತ್ತು. 1974 ಬಂದಾಗ ಒಪ್ಪಂದ ಮುಗಿಯಿತು ಅಂತ ಕರ್ನಾಟಕ ಹೇಳಿತು. ಮುಗಿಯುವಂಥದ್ದಲ್ಲ, ಕಾಯಂ ಅಂತ ತಮಿಳುನಾಡು ಹೇಳಿತು. ಅಷ್ಟರಲ್ಲಿ ಕಬಿನಿ, ಹಾರಂಗಿ, ಹೇಮಾವತಿ ಯೋಜನೆಗಳ ಕೆಲಸ ಕರ್ನಾಟಕದಲ್ಲಿ ನಡೆದಿತ್ತು. ಕೇಂದ್ರದ ಮಂಜೂರಾತಿ ಸಿಗದೆ ನಮ್ಮ ರಾಜ್ಯ ತನ್ನದೇ ಹಣ ಹಾಕಿತು. ಆ ನೀರಿನಿಂದ ಹಾಸನ, ತುಮಕೂರು, ಮೈಸೂರು ಕಡೆಯ ಒಣಭೂಮಿಗಳಿಗೆ ಜೀವ ಬಂತು. ಅದೇ ನೀರನ್ನು ಡೆಲ್ಟಾದ ರೈತ ತನ್ನ ಗದ್ದೆಯಿಂದ ಕಳೆದದ್ದು ಅಂತ ಎಣಿಸಿದ. ಇಬ್ಬರಲ್ಲಿ ಸುಳ್ಳು ಹೇಳುವವರು ಯಾರೂ ಇರಲಿಲ್ಲ.

1990ರ ಜೂನ್‌ನಲ್ಲಿ ಈ ಜಗಳ ತೀರ್ಮಾನಿಸಲು ನ್ಯಾಯಮಂಡಳಿ ಬಂತು. 1991ರ ಜೂನ್‌ನಲ್ಲಿ ಮಧ್ಯಂತರ ಆದೇಶ ಬಂತು: ಕರ್ನಾಟಕ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ಬಿಡಬೇಕು, ತನ್ನ ನೀರಾವರಿಯನ್ನು 11.2 ಲಕ್ಷ ಎಕರೆಗಿಂತ ಹೆಚ್ಚಿಸಬಾರದು. ಮತ್ತೆ ಎಕರೆಯ ಲೆಕ್ಕ. ಆ ಡಿಸೆಂಬರ್‌ನಲ್ಲಿ ಆದೇಶ ಗೆಜೆಟ್‌ಗೆ ಬಂದ ಮೇಲೆ ಬೆಂಗಳೂರಿನಲ್ಲಿ ಆದದ್ದನ್ನು ನಾವು ಮರೆಯಬಾರದು. ಕೂಲಿ ಮಾಡಿ ಬದುಕುತ್ತಿದ್ದ ತಮಿಳರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಜನ ಸತ್ತರು. ಸಾವಿರಾರು ಮಂದಿ ಊರು ಬಿಟ್ಟು ಓಡಿದರು. ಆ ಕಡೆ ಕನ್ನಡದವರ ಮೇಲೂ ಹಲ್ಲೆಗಳಾದವು. 2016ರ ಸೆಪ್ಟೆಂಬರ್‌ನಲ್ಲಿ ಮತ್ತೆ ಬಸ್ಸುಗಳು ಸುಟ್ಟವು. ಸುಟ್ಟವರಲ್ಲಿ ಎಷ್ಟು ಮಂದಿ ನಾಟಿ ಮಾಡಿದವರಿದ್ದರು? ಏಟು ತಿಂದ ಆ ಕೂಲಿಯವರು ನಮ್ಮ ಗದ್ದೆಯ ಒಂದು ತಂಬಿಗೆ ನೀರನ್ನೂ ಕದ್ದಿರಲಿಲ್ಲ. ಈರೋಡ್ ಜಿಲ್ಲೆಯ ತಾಳವಾಡಿಯಲ್ಲಿ ಮನೆಮಾತು ಕನ್ನಡವಾಗಿರುವ ಜನ ಇದ್ದಾರೆ. ಹೊಸೂರು, ಕೃಷ್ಣಗಿರಿ ಕಡೆಯೂ ಇದ್ದಾರೆ. ಇಲ್ಲಿ ಯಾರೋ ಕಲ್ಲೆಸೆದಾಗಲೆಲ್ಲ ಅಲ್ಲಿ ಅವರ ಎದೆ ಹೊಡೆದುಕೊಳ್ಳುತ್ತದೆ ಅಲ್ವಾ? ಸರಿಯಾಗಿ ಬರೆಯದ ಒಪ್ಪಂದದ ಬೆಲೆಯನ್ನು ಇಂಥವರು ತೆರುತ್ತಿದ್ದಾರೆ.

2007ರ ಫೆಬ್ರವರಿ 5ರಂದು ನ್ಯಾಯಮಂಡಳಿಯ ಅಂತಿಮ ತೀರ್ಪು ಬಂತು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಅದನ್ನು ಸ್ವಲ್ಪ ತಿದ್ದಿತು. ಹೊಳೆಯಲ್ಲಿ ವರ್ಷಕ್ಕೆ ಸಿಗುವ 740 ಟಿಎಂಸಿಯಲ್ಲಿ ತಮಿಳುನಾಡಿಗೆ 404.25, ಕರ್ನಾಟಕಕ್ಕೆ 284.75, ಕೇರಳಕ್ಕೆ 30, ಪುದುಚೇರಿಗೆ 7. ನಾವು ಗಡಿಯಲ್ಲಿ ನೀರು ಅಳೆಯುವ ಜಾಗವಾದ ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ 177.25 ಟಿಎಂಸಿ ಬಿಡಬೇಕು. ನ್ಯಾಯಮಂಡಳಿ ಕೊಟ್ಟದ್ದಕ್ಕಿಂತ ನಮಗೆ ಹೆಚ್ಚಾಗಿ ಸಿಕ್ಕ 14.75ರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ಹಳೆ ಒಪ್ಪಂದಗಳು ಅನ್ಯಾಯದವು, ಒತ್ತಾಯದವು ಅನ್ನುವ ವಾದವನ್ನು ಕೋರ್ಟ್ ಒಪ್ಪಲಿಲ್ಲ. ಆದರೆ 1924ರದು 50 ವರ್ಷಕ್ಕೆ ಮುಗಿಯಿತು ಅನ್ನುವುದನ್ನು ಒಪ್ಪಿತು. ಅಂತರರಾಜ್ಯ ನದಿಗೆ ಯಾವ ರಾಜ್ಯವೂ ಒಡೆಯ ಅಲ್ಲ ಅಂತಲೂ ಹೇಳಿತು. ಈ ಹಂಚಿಕೆ 15 ವರ್ಷ ಹೀಗೇ ಇರಬೇಕು ಅಂದಿತು. ಅಲ್ಲಿಗೆ 2033.

ಈಗ ನನ್ನ ದೂರಿನ ಮುಖ್ಯ ಭಾಗಕ್ಕೆ ಬರುತ್ತೇನೆ.

ಬಿಳಿಗುಂಡ್ಲುವಿನ ತಿಂಗಳವಾರು ಪಟ್ಟಿ ನೋಡಿ. ಜೂನ್‌ಗೆ 9.19, ಜುಲೈಗೆ 31.24, ಆಗಸ್ಟ್‌ಗೆ 45.95, ಸೆಪ್ಟೆಂಬರ್‌ಗೆ 36.76 ಟಿಎಂಸಿ. ತುಂಬಿದ ಕನ್ನಂಬಾಡಿಯಲ್ಲಿ ಹಿಡಿಸುವುದೇ 49 ಟಿಎಂಸಿ ಚಿಲ್ಲರೆ. ಅಂದರೆ ಆಗಸ್ಟ್ ಒಂದರಲ್ಲೇ ಹತ್ತಿರ ಹತ್ತಿರ ಒಂದು ಕಟ್ಟೆಯಷ್ಟು ನೀರು ಗಡಿ ದಾಟಬೇಕು. ನಮ್ಮ ನಾಟಿ ನಡೆಯುವುದು ಅದೇ ಹೊತ್ತಿಗೆ. ಡೆಲ್ಟಾದಲ್ಲಿ ಕುರುವೈ ನೀರು ಕೇಳುವುದು, ಸಾಂಬಾಕ್ಕೆ ತಯಾರಿ ಶುರುವಾಗುವುದೂ ಅದೇ ಹೊತ್ತಿಗೆ. ಕೊಡಗು, ವಯನಾಡಿನಲ್ಲಿ ಮುಂಗಾರು ಚೆನ್ನಾಗಿ ಸುರಿದರೆ ಯಾರಿಗೂ ತೊಂದರೆ ಇಲ್ಲ, ನೀರು ತಾನಾಗಿ ಇಳಿದು ಹೋಗುತ್ತದೆ. ಮುಂಗಾರು ಸೋತರೆ ನಮ್ಮ ಕಟ್ಟೆ ತುಂಬಿಸಲು ಬೇರೆ ಮಳೆಯನ್ನು ನಂಬುವ ಹಾಗಿಲ್ಲ. ಡೆಲ್ಟಾಕ್ಕೆ ಅಕ್ಟೋಬರ್‌ನಿಂದ ಹಿಂಗಾರು ಇದೆ. ಆದರೆ ಆಗಸ್ಟ್‌ನಲ್ಲಿ ಒಣಗುವ ಪೈರಿಗೆ ಅಕ್ಟೋಬರ್ ಮಳೆಯಿಂದ ಏನೂ ಪ್ರಯೋಜನವಿಲ್ಲ, ಹಿಂಗಾರು ಜೋರಾದರೆ ಅವರ ಕಟಾವಿನ ಪೈರು ಮುಳುಗುವುದೂ ಉಂಟು. ಆದ್ದರಿಂದ ಅವರಿಗೆ ಎರಡು ಮಳೆ ಇದೆಯಲ್ಲ ಅಂತ ಸುಮ್ನೆ ಹೇಳಿ ಮಾತು ಮುಗಿಸಲು ಆಗುವುದಿಲ್ಲ.

ನೀರು ಕಡಿಮೆ ಬಂದ ವರ್ಷ ಎಲ್ಲರ ಪಾಲನ್ನೂ ಅದೇ ಪ್ರಮಾಣದಲ್ಲಿ ಇಳಿಸಬೇಕು ಅಂತ ಅಂತಿಮ ತೀರ್ಪು ಹೇಳುತ್ತದೆ. ಸಂಕಷ್ಟ ಹಂಚಿಕೆ ಅಂದರೆ ಇಷ್ಟೇ, ಒಂದು ಸಾಲು. ಆ ಸಾಲನ್ನು ಆಗಸ್ಟ್ ತಿಂಗಳ ಒಂದು ವಾರಕ್ಕೆ ಇಳಿಸುವುದು ಹೇಗೆ? ಕೊರತೆಯನ್ನು ಯಾವ ತಾರೀಕಿಗೆ ಅಳೆಯಬೇಕು? ಮೆಟ್ಟೂರಿನಲ್ಲಿ ಇರುವ ನೀರು ಲೆಕ್ಕಕ್ಕೆ ಬರಬೇಕೇ? ಮೊದಲೇ ನಾಟಿಯಾದ ಪೈರಿಗೆ ಎಷ್ಟು? ಇವಕ್ಕೆ ಎರಡೂ ರಾಜ್ಯ ಒಪ್ಪಿ ಸಹಿ ಹಾಕಿದ ಉತ್ತರ ಇಲ್ಲ. ಹಾಗಾಗಿ 2023ರಲ್ಲಿ ಏನಾಯಿತು ನೋಡಿ. ಆಗಸ್ಟ್ ಕೊನೆಗೆ 15 ದಿನ 5,000 ಕ್ಯೂಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ನೀರು ಬಿಡಿ ಅಂತ ಆದೇಶ. ಸೆಪ್ಟೆಂಬರ್‌ನಲ್ಲಿ ಮತ್ತೆ ಅದೇ. ನಮ್ಮಲ್ಲಿ ಸೆಪ್ಟೆಂಬರ್ 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್. ಡೆಲ್ಟಾದಲ್ಲಿ ಕುರುವೈ ಒಣಗಿತು ಅಂತ ಧರಣಿ. 15 ದಿನಕ್ಕೊಮ್ಮೆ ಬರುವ ಆದೇಶ ನೋಡಿಕೊಂಡು ನಾಲ್ಕು ತಿಂಗಳ ಬೆಳೆ ಇಡುವುದು ಹೇಗೆ ಅಂತ ನಿಮ್ಮ ಕಚೇರಿಯಲ್ಲಿ ಯಾರಾದರೂ ಕೇಳಿಕೊಂಡಿದ್ದಾರಾ? ಬಿತ್ತನೆ ಬೀಜ, ಗೊಬ್ಬರ, ಉಳುಮೆಗೆ ಸಾಲ ಮಾಡಿ ಆದ ಮೇಲೆ ನೀರು ಇಲ್ಲ ಅಂದರೆ ಅದು ಬರ ಮಾತ್ರ ಆಗಿ ಉಳಿಯುವುದಿಲ್ಲ, ಸಾಲವಾಗಿ ಮನೆಯೊಳಗೆ ಬರುತ್ತದೆ.

ಕೆಟ್ಟ ಕಾಲದ ನಿಯಮವನ್ನು ಮುಂಚೆಯೇ ಬರೆಯಬಹುದು ಅನ್ನುವುದಕ್ಕೆ ನಮ್ಮ ದೇಶದಲ್ಲೇ ಉದಾಹರಣೆ ಇದೆ. ಭಾರತ, ಬಾಂಗ್ಲಾದೇಶ 1996ರಲ್ಲಿ ಸಹಿ ಮಾಡಿದ ಗಂಗಾ ಒಪ್ಪಂದದಲ್ಲಿ ಬೇಸಿಗೆಯ ಹಂಚಿಕೆಯನ್ನು ಹತ್ತು ಹತ್ತು ದಿನಕ್ಕೆ ಬರೆದಿದ್ದಾರೆ. ಗಂಗೆಯ ಫರಕ್ಕಾ ಅಡ್ಡಗಟ್ಟೆಯ ಹತ್ತಿರ ನೀರು 70,000 ಕ್ಯೂಸೆಕ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಮಪಾಲು. ಮಾರ್ಚ್ 11ರಿಂದ ಮೇ 10ರವರೆಗೆ, ತೀರಾ ಬಿಗಿಯಾದ ದಿನಗಳಲ್ಲಿ, ಒಂದು ಹತ್ತು ದಿನ ಅವರಿಗೆ, ಮುಂದಿನ ಹತ್ತು ದಿನ ನಮಗೆ 35,000 ಕ್ಯೂಸೆಕ್ ಖಾತ್ರಿ. 50,000ಕ್ಕಿಂತ ಕೆಳಗೆ ಇಳಿದರೆ ಎರಡೂ ಸರ್ಕಾರ ಕೂಡಲೇ ಕೂತು ಮಾತಾಡಬೇಕು. ಅದರ ಮೇಲೂ ದೂರುಗಳಿವೆ, ಇಲ್ಲ ಅನ್ನುವುದಿಲ್ಲ. ಆದರೂ ಎರಡು ದೇಶಗಳು ಇಷ್ಟು ಬಿಡಿಸಿ ಬರೆಯಲು ಆದದ್ದು ಒಂದೇ ದೇಶದ ಎರಡು ರಾಜ್ಯಗಳಿಗೆ ಯಾಕೆ ಆಗಬಾರದು? ನಮ್ಮ ನಾಲೆಯಲ್ಲೇ ನೀರುಗಂಟಿ ಸರದಿ ಹಾಕಿ ಒಬ್ಬರಾದ ಮೇಲೆ ಒಬ್ಬರಿಗೆ ತೂಬು ಬಿಡುತ್ತಾನೆ. ಸರದಿ ಮುಂಚೆ ಗೊತ್ತಿದ್ದರೆ ರಾತ್ರಿ ಎರಡು ಗಂಟೆಗೂ ಎದ್ದು ಹೋಗಿ ನೀರು ಕಟ್ಟಿಕೊಳ್ಳುತ್ತೇವೆ. ಗುದ್ದಲಿ ಎತ್ತುವುದು ಸರದಿ ಗೊತ್ತಿಲ್ಲದಾಗ.

ನಿಮಗೆ ಅಧಿಕಾರ ಇಲ್ಲ ಅನ್ನುವ ಹಾಗೂ ಇಲ್ಲ. 2018ರ ಜೂನ್ 1ರಂದು ನಿಮ್ಮ ಪ್ರಾಧಿಕಾರವನ್ನು ಕಟ್ಟಿದ ಯೋಜನೆಯಲ್ಲೇ ಬರೆದಿದೆ. ಜೂನ್ 1ಕ್ಕೆ ಜಲವರ್ಷ ಶುರುವಾದಾಗ ಜಲಾಶಯಗಳಲ್ಲಿ ಎಷ್ಟು ನೀರು ಉಳಿದಿದೆ ಅಂತ ನೀವು ಲೆಕ್ಕ ಹಾಕಬೇಕು. ಬಾಣಾಸುರಸಾಗರದಿಂದ ಮೆಟ್ಟೂರಿನವರೆಗೆ ಎಂಟು ಜಲಾಶಯಗಳ ಮೇಲೆ ನಿಮ್ಮ ನಿಯಂತ್ರಣ ಸಮಿತಿ ಹತ್ತು ದಿನದ ಲೆಕ್ಕ ಇಡಬೇಕು. ಹನಿ ನೀರಾವರಿ, ಬೆಳೆ ಬದಲಾವಣೆ, ನಾಲೆ ದುರಸ್ತಿ ಬಗ್ಗೆ ರಾಜ್ಯಗಳಿಗೆ ಸಲಹೆ ಕೊಡುವ ಅಧಿಕಾರವೂ ನಿಮಗಿದೆ. ಕ್ಯೂಸೆಕ್ ಬಗ್ಗೆ ನೀವು ಮಾತಾಡುವುದನ್ನು ಕೇಳಿದ್ದೇವೆ. ಬೆಳೆಯ ಬಗ್ಗೆ ಹಳ್ಳಿಗೆ ಕೇಳಿಸುವ ಹಾಗೆ ಮಾತಾಡಿದ್ದನ್ನು ನಾವು ಕಂಡಿಲ್ಲ.

ಜೂನ್ ಮೊದಲ ವಾರವೇ ಎಂಟೂ ಜಲಾಶಯದ ನೀರಿನ ಲೆಕ್ಕವನ್ನು ಕನ್ನಡದಲ್ಲಿ, ತಮಿಳಿನಲ್ಲಿ, ಮಲಯಾಳದಲ್ಲಿ ಎಲ್ಲ ಪಂಚಾಯ್ತಿಗಳಿಗೂ ಕಳಿಸಿ. ಜುಲೈ ಮಧ್ಯದ ಹೊತ್ತಿಗೆ ಮಳೆ ಇಷ್ಟು ಕಡಿಮೆಯಾದರೆ ಯಾವ ನಾಲೆಗೆ ಎಷ್ಟು ದಿನ ನೀರು, ಯಾವ ಭಾಗದಲ್ಲಿ ಭತ್ತ ಇಡಬಾರದು ಅಂತ ಅದರಲ್ಲೇ ಇರಲಿ. ಹಾಗೆ ಭತ್ತ ಬಿಟ್ಟು ರಾಗಿ, ಹಲಸಂದೆ, ಉದ್ದು ಹಾಕಿದ ರೈತನಿಗೆ ಎಕರೆಗೆ ಇಂತಿಷ್ಟು ಹಣ, ಬೆಳೆದದ್ದಕ್ಕೆ ಖರೀದಿ ಕೇಂದ್ರ, ಎರಡೂ ಬೇಕು. ಬರೀ ಸಲಹೆ ಕೊಟ್ಟರೆ ಯಾರೂ ಬೆಳೆ ಬದಲಿಸುವುದಿಲ್ಲ. ಕಬ್ಬಿಗೆ ಕಾರ್ಖಾನೆ ಇದೆ, ಭತ್ತಕ್ಕೆ ಗಿರಣಿ ಇದೆ, ರಾಗಿಗೆ ಒಂದು ನೆಟ್ಟಗಿನ ಬೆಲೆ ಸಿಗಲಿ. ಈ ಹಣವನ್ನು ರೈತರ ಮೇಲೆ ಹಾಕಬೇಡಿ. ಇದೇ ಹೊಳೆಯ ನೀರು ಕುಡಿಯುವ ಬೆಂಗಳೂರಿನಂಥ ನಗರಗಳೂ ಅದರಲ್ಲಿ ಪಾಲು ಕೊಡುವುದು ನ್ಯಾಯ ಅಂತ ನನ್ನ ಅಭಿಪ್ರಾಯ.

ರೈತರನ್ನು ಕೂರಿಸುವುದು ಆಗದ ಮಾತು ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. 2003ರಲ್ಲಿ, ಬರದ ಬಿಸಿ ಇನ್ನೂ ಆರದ ಹೊತ್ತಿನಲ್ಲಿ, ಎರಡೂ ಕಡೆಯ ರೈತರು ಕಾವೇರಿ ಕುಟುಂಬ ಅಂತ ಒಂದು ಗುಂಪು ಕಟ್ಟಿಕೊಂಡಿದ್ದರು. ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಎಸ್. ಜನಕರಾಜನ್ ಅದಕ್ಕೆ ಜೊತೆಯಾಗಿ ನಿಂತಿದ್ದರು. ಇಲ್ಲಿನವರು ಅಲ್ಲಿಗೆ ಹೋದರು, ಅಲ್ಲಿನವರು ಇಲ್ಲಿಗೆ ಬಂದರು, ಒಬ್ಬರ ಗದ್ದೆಯನ್ನು ಒಬ್ಬರು ನೋಡಿದರು. ಸರ್ಕಾರಗಳು ಆ ಮಾತುಕತೆಗೆ ಕಾನೂನಿನ ಬಲ ಕೊಡಲಿಲ್ಲ. ಕಾಲುಶತಮಾನ ಆಗುತ್ತಾ ಬಂತು. ಆ ಪ್ರಯತ್ನಕ್ಕೆ ನಿಮ್ಮ ಪ್ರಾಧಿಕಾರದಲ್ಲೇ ಒಂದು ಕಾಯಂ ಜಾಗ ಕೊಡಿ. ಅದರಲ್ಲಿ ನಾಲೆಯ ಕೊನೆಭಾಗದವರು ಇರಲಿ. ಡೆಲ್ಟಾದ ಗೇಣಿದಾರರು ಇರಲಿ. ನಾಟಿ ಮಾಡುವ ಹೆಣ್ಣುಮಕ್ಕಳು ಇರಲಿ, ಗದ್ದೆ ಬೀಳು ಬಿದ್ದರೆ ಮೊದಲು ಕೂಲಿ ಹೋಗುವುದು ಅವರದೇ. ಕೊಡಗಿನವರು, ವಯನಾಡಿನವರು, ಕಾರೈಕಲ್‌ನವರು ಈ ಸಲ ಮೇಜಿನಿಂದ ಹೊರಗೆ ಉಳಿಯಬಾರದು.

ಎರಡೂ ರಾಜ್ಯದ ಮುಖ್ಯಮಂತ್ರಿಗಳಿಗೂ ಒಂದು ಮಾತು. ಈ ಕೆಲಸವನ್ನು 2033ರ ತನಕ ತಳ್ಳಬೇಡಿ. 1974ಕ್ಕೆ ಮುಂಚೆ ಎರಡೂ ಕಡೆಯವರಿಗೆ ಐವತ್ತು ವರ್ಷ ಇತ್ತು. ಆ ದಿನ ಬಂದಾಗ ಹೊಸ ಕಾಗದ ಯಾರ ಕೈಯಲ್ಲೂ ಇರಲಿಲ್ಲ. ಆ ಖಾಲಿ ಜಾಗ ತುಂಬಲು ನ್ಯಾಯಮಂಡಳಿ ಬರುವುದಕ್ಕೆ 16 ವರ್ಷ ಹಿಡಿಯಿತು, ಅಂತಿಮ ತೀರ್ಪಿಗೆ ಇನ್ನೂ 17 ವರ್ಷ. ನನ್ನ ಮಕ್ಕಳು ಅಷ್ಟು ಕಾಯಲಾರರು, ಜಮೀನು ಮಾರಿ ಹೋಗುತ್ತಾರೆ. ಪಕ್ಕದ ಊರುಗಳಲ್ಲಿ ಆಗಲೇ ಹೋಗುತ್ತಿದ್ದಾರೆ.

ಮಳೆ ಚೆನ್ನಾಗಿ ಆಗಿ ಕಟ್ಟೆ ತುಂಬಿದ ವರ್ಷವೇ ಇದಕ್ಕೆ ಸರಿಯಾದ ಕಾಲ, ಆಗ ಯಾರ ಮೇಲೂ ಒತ್ತಡ ಇರುವುದಿಲ್ಲ. ಮುಂದಿನ ಜೂನ್ 1ಕ್ಕೆ ಮುಂಚೆ ಮೊದಲ ಸಭೆ ಕರೆಯಿರಿ. ಒಂದು ಸಲ ಮಂಡ್ಯದಲ್ಲಿ, ಒಂದು ಸಲ ತಂಜಾವೂರಿನಲ್ಲಿ, ಗದ್ದೆ ನೋಡಲು ಆಗುವ ಜಾಗದಲ್ಲಿ ನಡೆಸಿ. ಸಭೆಯ ನಡಾವಳಿಯನ್ನು ಎರಡೂ ಭಾಷೆಯಲ್ಲಿ ಪ್ರಕಟಿಸಿ. ಕರೆದರೆ ನಮ್ಮ ನಾಲೆಯ ಕೊನೆಭಾಗದ ರೈತರು ಸ್ವಂತ ಖರ್ಚಿನಲ್ಲಿ ಬರಲು ತಯಾರಿದ್ದೇವೆ.

ಇಂತಿ,
ವಿ.ಸಿ. ನಾಲೆಯ ಕೊನೆಭಾಗದ ಒಬ್ಬ ರೈತ
ಮಂಡ್ಯ ಜಿಲ್ಲೆ